ಮನೆವಾರ್ತೆ: ಹಳೆಯ ವಾಯರು, ಹೊಸ ಕಾಯಿದೆ

ಮುಂಬಯಿಯ ಮಳೆಗಾಲದಲ್ಲಿ ಹಪ್ಪಳ ಸಂಡಿಗೆಗಳಿಗೆ ಬೂಷ್ಟು ಹಿಡಿಯದಂತೆ ಕಾಪಾಡುವ ಬಗೆಯನ್ನು ಈ ಸಂಚಿಕೆಯಲ್ಲಿ ಬರೆಯುವುದಾಗಿ ವಾಚಕರಿಗೆ ಮಾತು ಕೊಟ್ಟಿದ್ದೆವು. ಮಾತು ತಪ್ಪಿದ್ದಕ್ಕೆ ಕ್ಷಮೆ ಇರಲಿ. ಹಪ್ಪಳಕ್ಕಿಂತ ಮೊದಲು ಹೇಳಲೇಬೇಕಾದ ಸಂಗತಿಯೊಂದು ಈ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿಯೇ ನಡೆಯಿತು. ಅದು ನಡೆದದ್ದು ಬಚ್ಚಲುಮನೆಯಲ್ಲಿ. ಅಲ್ಲಿ ಏನಾಗದೆ ಉಳಿಯಿತು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ದೀಪಾವಳಿ ಮುಗಿಸಿಕೊಂಡು ನಮ್ಮ ತಾಯಿಯವರು ಧಾರವಾಡದಿಂದ ಬಂದರು. ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇದ್ದು ಹೋಗುವುದು ಅವರ ಪದ್ಧತಿ. ನಾವಿರುವುದು ಮಾಟುಂಗದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ನಮ್ಮ ದೊಡ್ಡಪ್ಪನವರು ಪಗಡಿ ಕೊಟ್ಟು ಹಿಡಿದ ಎರಡು ಕೋಣೆ, ಒಂದು ಅಡಿಗೆಮನೆ. ಕಟ್ಟಡದ ಹೆಬ್ಬಾಗಿಲ ಮೇಲಿನ ಕಲ್ಲಿನಲ್ಲಿ 1958 ಎಂದು ಕೆತ್ತಿದೆ. ತಾಯಿ ಬಂದ ಮೂರನೆಯ ದಿನದಿಂದ ಒಂದು ವಿಚಿತ್ರ ಕಾಣತೊಡಗಿತು. ಗೀಸರು ಇದ್ದರೂ ಅವರು ಗ್ಯಾಸಿನ ಮೇಲೆ ಪಾತ್ರೆ ಇಟ್ಟು ನೀರು ಕಾಯಿಸಿಕೊಂಡು ಸ್ನಾನಕ್ಕೆ ಹೋಗುವರು. ಕೇಳಿದರೆ, "ನನಗ ಹಂಡೇದ ನೀರಿನ ರೂಢಿ ನೋಡಪಾ, ನಿಮ್ಮ ಗೀಸರ ನೀರು ಮೈಗೆ ಹಿಡಸೂದಿಲ್ಲ" ಎಂದರು. ನಮ್ಮ ಶ್ರೀಮತಿಯವರು ಮನಸ್ಸಿನಲ್ಲಿಯೇ ಸಿಲಿಂಡರಿನ ಲೆಕ್ಕ ಹಾಕಿ ಸುಮ್ಮನಾದರು.

ಗುಟ್ಟು ಹೊರಬಿದ್ದದ್ದು ನಮ್ಮ ಆರು ವರ್ಷದ ಮಗಳಿಂದ. "ಅಪ್ಪಾ, ಅಜ್ಜಿ ಬಚ್ಚಲಿನ ನಲ್ಲಿಗೆ ಸೆರಗು ಸುತ್ತಿ ತಿರುಗಿಸ್ತಾಳೆ" ಎಂದು ಅವಳು ನಗುತ್ತ ಹೇಳಿದಳು. ನಮಗೆ ನಗು ಬರಲಿಲ್ಲ. ತಾಯಿಯವರನ್ನು ಕೂಡಿಸಿಕೊಂಡು ಕೇಳಿದೆವು. "ಮುಟ್ಟಿದರ ಜುಮ್ ಅಂತದ. ಮೊದಲನೇ ದಿನ ಮೊಣಕೈ ತನಕ ಬಂತು. ಹೇಳಿದರ ನಿಮಗ ಸುಮ್ಮನ ಖರ್ಚಿಗೆ ದಾರಿ ಅಂತ ಹೇಳಲಿಲ್ಲ" ಎಂದರು. ಮಗನ ಸಂಬಳ ಇಷ್ಟೇ ಎಂದು ಬಲ್ಲ ತಾಯಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ನಾಲ್ಕು ದಿನ ಆ ನಲ್ಲಿಯೊಡನೆ ಒಬ್ಬರೇ ಸೆಣಸಾಡಿದ್ದರು.

ನಮಗೇಕೆ ಇದುವರೆಗೆ ತಿಳಿಯಲಿಲ್ಲ? ನಾವೆಲ್ಲ ರಬ್ಬರು ಚಪ್ಪಲಿ ಮೆಟ್ಟಿಕೊಂಡೇ ಬಚ್ಚಲಿಗೆ ಹೋಗುವವರು. ತಾಯಿಯವರು ಬರಿಗಾಲಿನವರು, ಒದ್ದೆ ನೆಲದ ಮೇಲೆ ಕಾಲೂರಿ ಕೂತು ಸ್ನಾನ ಮಾಡುವವರು. ಆಗ ಶ್ರೀಮತಿಯವರೂ ಬಾಯಿ ಬಿಟ್ಟರು: "ಮಳೆಗಾಲದಲ್ಲಿ ನನಗೂ ಎರಡು ಸಲ ಹಾಗೇ ಆಗಿತ್ತು, ಕೈ ಜೋಮು ಹಿಡಿದಿದೆ ಅಂದುಕೊಂಡೆ." ಕೂಡಲೇ ಗೀಸರಿನ ಗುಂಡಿಯನ್ನು ಆರಿಸಿ, ಅದರ ಮೇಲೆ ಕಾಗದ ಅಂಟಿಸಿದೆವು.

ಮರುದಿನ ಇಬ್ಬರು ವಾಯರ್‌ಮನ್ನರು ಬಂದರು. ಮೊದಲನೆಯವನು ತರುಣ, ಐ.ಟಿ.ಐ. ಕಲಿತವನು. ಮನೆಯನ್ನು ಒಂದು ಸುತ್ತು ಹಾಕಿ ಹದಿನಾಲ್ಕು ದೋಷಗಳ ಪಟ್ಟಿ ಬರೆದು, "ಇದರಲ್ಲಿ ಒಂದೂ ಈಗಿನ ನಿಯಮದಂತಿಲ್ಲ. ಎಲ್ಲವನ್ನೂ ಕಿತ್ತು ಗೋಡೆಯೊಳಗೆ ಹೊಸ ಪೈಪು ಹೂಳಬೇಕು" ಎಂದ. ಅವನು ಕೊಟ್ಟ ಅಂದಾಜು ನಮ್ಮ ನಾಲ್ಕು ತಿಂಗಳ ಸಂಬಳ. ಎರಡನೆಯವನು ಮನೆಯ ಮಾಲಿಕರು ಕಳಿಸಿದವನು, ತಲೆ ನೆರೆತವನು. ಅವನು ಸ್ವಿಚ್ಚನ್ನು ಎರಡು ಬಾರಿ ಟಕಟಕ ಎನಿಸಿ, "ಕಟ್ಟುವಾಗ ಸರಕಾರ ಪಾಸು ಮಾಡಿದ ವಾಯರಿಂಗು ಸಾಹೇಬರೆ. ಅರವತ್ತು ವರ್ಷದ ಮೇಲಾಯಿತು, ಏನೂ ಆಗಿಲ್ಲ. ಬೇಕಾದರೆ ಪ್ಲಾಸ್ಟಿಕ್ಕಿನ ನಲ್ಲಿ ಹಾಕಿಬಿಡಿ" ಎಂದ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೆಂಬುದು ಮೊದಲನೆಯವನ ಮತ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಹುದೆಂಬುದು ಎರಡನೆಯವನದು. ಇವೆರಡರ ನಡುವೆ ದಾರಿಯಿಲ್ಲವೆ? ನಾವು ಕಚೇರಿಯಲ್ಲಿ ಕಡತ ನೋಡಿ ಬದುಕುವವರು. ನಿಯಮ ಎಂದೊಡನೆ ಮೂಲವನ್ನೇ ತೆರೆದು ನೋಡುವ ಚಟ. ಒಂದು ಭಾನುವಾರವೆಲ್ಲ ಕೂತು ಓದಿದೆವು.

ಓದಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯ ಕೆಳಗೆ 1956ರಲ್ಲಿ ವಿಸ್ತಾರವಾದ ನಿಯಮಗಳು ಬಂದವು. ನಮ್ಮ ಕಟ್ಟಡ ಎದ್ದದ್ದು ಅವುಗಳ ಕಾಲದಲ್ಲಿ. 2003ರಲ್ಲಿ ಹಳೆಯ ಕಾಯಿದೆ ಹೋಗಿ ಹೊಸ ವಿದ್ಯುಚ್ಛಕ್ತಿ ಕಾಯಿದೆ ಬಂತು. ಅದರ ಕೆಳಗೆ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2010ರಲ್ಲಿ ಸುರಕ್ಷತೆಯ ವಿನಿಯಮಗಳನ್ನು ಹೊರಡಿಸಿತು. 2023ರಲ್ಲಿ ಅವುಗಳ ಜಾಗಕ್ಕೆ ಇನ್ನೂ ಹೊಸವು ಬಂದವು. ಇವುಗಳ ಜೊತೆಗೆ ರಾಷ್ಟ್ರೀಯ ವಿದ್ಯುತ್ ಸಂಹಿತೆಯೆಂಬ ದೊಡ್ಡ ಗ್ರಂಥವಿದೆ. ಅದು 1985ರಲ್ಲಿ ಮೊದಲು ಹೊರಟು, 2011ರಲ್ಲಿಯೂ 2023ರಲ್ಲಿಯೂ ಪರಿಷ್ಕೃತವಾಯಿತು.

ಇಷ್ಟೆಲ್ಲ ಬದಲಾವಣೆಯ ನಡುವೆ ಬದಲಾಗದ ಮಾತೊಂದು ನಮ್ಮ ಕಣ್ಣಿಗೆ ಬಿತ್ತು. ತನ್ನ ಅಧೀನದಲ್ಲಿರುವ ವಿದ್ಯುತ್ ಏರ್ಪಾಡನ್ನು ಸುರಕ್ಷಿತವಾದ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆ ಬಳಕೆದಾರನದು ಎಂಬುದು 1956ರ ನಿಯಮಗಳಲ್ಲಿಯೂ ಇತ್ತು, 2010ರಲ್ಲಿಯೂ ಉಳಿಯಿತು. ಅಂದರೆ, ಅಂದು ಪಾಸಾಗಿತ್ತು ಎಂಬುದು ಅಂದಿನ ಮಾತು. ಮಗು ಒಂದನೆಯ ತರಗತಿಯಲ್ಲಿ ಪಾಸಾದ ಕಾಗದವನ್ನು ತೋರಿಸಿ ಮುಪ್ಪಿನಲ್ಲಿ ನೌಕರಿ ಕೇಳಿದಂತೆ ಆಗಬಾರದು. ಹಾಗೆಂದು, ಹೊಸ ನಿಯಮ ಬಂದ ದಿನವೇ ಹಳೆಯ ಮನೆಗಳ ತಂತಿಯನ್ನೆಲ್ಲ ಕಿತ್ತು ಬಿಸಾಡಿರೆಂದು ಹೇಳುವ ಮಾತೂ ಅಲ್ಲಿಲ್ಲ. ಹೊಸದಾಗಿ ಮಾಡುವ ಕೆಲಸ ಹೊಸ ನಿಯಮದಂತೆ ಆಗಬೇಕು, ಹಳೆಯದು ಸುರಕ್ಷಿತವಾಗಿರಬೇಕು. ಹಾಗಾದರೆ ಸುರಕ್ಷಿತವೋ ಅಲ್ಲವೋ ಎಂದು ಅಳೆಯುವುದು ಹೇಗೆ? ಅದು ಗ್ರಂಥ ಓದಿ ತಿಳಿಯುವಂಥದಲ್ಲ, ಬಲ್ಲವರೇ ಬೇಕು.

ನಮ್ಮ ಸಂಘದ ಗಣೇಶೋತ್ಸವಕ್ಕೆ ದೀಪಗಳ ಏರ್ಪಾಡು ನೋಡುವ ಹಿರಿಯರೊಬ್ಬರು ಇದ್ದಾರೆ. ಗದಗ ಕಡೆಯವರು; ಪರೇಲಿನ ಗಿರಣಿಯೊಂದರ ವಿದ್ಯುತ್ ವಿಭಾಗದಲ್ಲಿ ದುಡಿದವರು. ಎಲ್ಲರಿಗೂ ಅವರು ಕಾಕಾ. ಹೇಳಿಕಳಿಸಿದ ಸಂಜೆಯೇ ಮೀಟರು, ಮೆಗ್ಗರು ತುಂಬಿದ ಚೀಲದೊಡನೆ ಬಂದರು. ನಾವು ನಮ್ಮ ನಿಯಮ ಪಾಂಡಿತ್ಯವನ್ನು ಹೇಳಹೊರಟೆವು. ಕಾಕಾ ತಡೆದರು. "ತಮ್ಮಾ, ನಿಯಮ ಯಾವ ವರ್ಷದ್ದು ಅನ್ನೋದು ಆಮ್ಯಾಲ. ಮದಲ ಇದನ್ನ ಕೇಳು: ಇವತ್ತ ಇದರಾಗ ಒಂದು ಏನರ ಕೆಟ್ಟಿತು ಅಂದ್ರ, ಆ ಕೆಟ್ಟದ್ದಕ್ಕೂ ನಿಮ್ಮವ್ವನ ಕೈಗೂ ನಡುವ ಏನೈತಿ?"

ಈ ಒಂದು ಪ್ರಶ್ನೆಯೇ ಈ ಲೇಖನದ ಸಾರ. ಇನ್ನು ಬರೆಯುವುದೆಲ್ಲ ಅದರ ವಿವರಣೆ.

ಕಾಕಾ ಮೊದಲು ಬಚ್ಚಲಿಗೆ ಹೋದರು. ಒಂದು ಉದ್ದ ತಂತಿಯನ್ನು ಕೆಳಗಿನ ಮೀಟರು ಕೋಣೆಯ ಅರ್ಥಿಂಗಿನಿಂದ ಎಳೆದು ತಂದು, ಗೀಸರನ್ನು ಹಚ್ಚಿ, ನಲ್ಲಿಗೂ ಆ ತಂತಿಗೂ ನಡುವೆ ಮೀಟರು ಹಿಡಿದರು. ಮುಳ್ಳು 90 ವೋಲ್ಟು ದಾಟಿ ನಿಂತಿತು. ನಿರುಪದ್ರವಿಯಾಗಿ ಹೊಳೆಯುವ ಸ್ಟೀಲಿನ ನಲ್ಲಿ! ಕಾರಣವನ್ನೂ ಅವರೇ ಹುಡುಕಿದರು. ಗೀಸರಿನ ಹಸಿರು ವಾಯರನ್ನು, ಎಂದರೆ ಅರ್ಥಿಂಗಿನ ವಾಯರನ್ನು, ಯಾರೋ ಹಿಂದೆ ನೀರಿನ ಕೊಳವೆಗೆ ಸುತ್ತಿದ್ದರು. ಅಂದಿಗೆ ಅದೊಂದು ಸಾಮಾನ್ಯ ರೂಢಿ. ಕಬ್ಬಿಣದ ಕೊಳವೆ ಮೂರು ಮಹಡಿ ಇಳಿದು ನೆಲವನ್ನು ಸೇರುತ್ತಿತ್ತು. ಸೋರಿದ ವಿದ್ಯುತ್ತು ಅದರ ಗುಂಟ ಭೂಮಿಗೆ ಇಳಿಯುತ್ತಿತ್ತು. ಕೆಲವು ವರ್ಷಗಳ ಹಿಂದೆ ತುಕ್ಕು ಹಿಡಿದ ಹೊರಗಿನ ಕೊಳವೆಗಳನ್ನು ತೆಗೆಸಿ ಕಟ್ಟಡದವರೆಲ್ಲ ಕೂಡಿ ಪ್ಲಾಸ್ಟಿಕ್ ಕೊಳವೆ ಹಾಕಿಸಿದೆವು. ವಂತಿಗೆ ಎತ್ತಿದವರಲ್ಲಿ ನಾವೂ ಒಬ್ಬರು! ಅಂದಿನಿಂದ ನಮ್ಮ ಬಚ್ಚಲಿನ ಗೋಡೆಯಲ್ಲಿ ಉಳಿದ ನಾಲ್ಕು ಮೊಳ ಕಬ್ಬಿಣ ನೆಲದ ಸಂಬಂಧ ಕಡಿದುಕೊಂಡು ತ್ರಿಶಂಕುವಿನಂತೆ ನಿಂತಿತು. ಗೀಸರಿನೊಳಗಿನ ಕಾಯಿಸುವ ಸುರುಳಿ ಹಳೆಯದಾಗಿ ಸೋರಲು ಹತ್ತಿದಾಗ, ಆ ಸೋರಿಕೆಗೆ ಭೂಮಿಗಿಳಿಯಲು ಉಳಿದ ದಾರಿ ಒಂದೇ: ನಲ್ಲಿ ಮುಟ್ಟಿದವರ ಮೈ.

ಗಮನಿಸಿರಿ. ವಾಯರನ್ನು ಯಾರೂ ಮುಟ್ಟಿರಲಿಲ್ಲ. ಪ್ಲಂಬರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಆದರೂ ಒಂದು ದಿನ ಸುರಕ್ಷಿತವಾಗಿದ್ದದ್ದು ಮರುದಿನ ಅಪಾಯವಾಯಿತು. ನೀರಿನ ಕೊಳವೆಯನ್ನು ಮನೆಯ ಅರ್ಥಿಂಗಾಗಿ ನಂಬಬಾರದೆಂದು ಇಂದಿನ ಸಂಹಿತೆ ಹೇಳುವುದು ಏಕೆಂದು ಆಗ ನಮಗೆ ತಿಳಿಯಿತು. ಹೊಸ ನಿಯಮ ಹಳಬರನ್ನು ಹೀಯಾಳಿಸಲು ಬರೆದದ್ದಲ್ಲ. ಎಲ್ಲಿಯೋ ಯಾರದೋ ಮನೆಯಲ್ಲಿ ಆದ ಅನಾಹುತವನ್ನು ನೋಡಿ ಬರೆದದ್ದು.

ಅನಂತರ ಎರಡು ಗಂಟೆಯ ಕಾಲ ಕಾಕಾ ಮನೆಯನ್ನೆಲ್ಲ ನೋಡಿದರು. ಅವರು ಹೇಳುತ್ತ ಹೋದಂತೆ ನಾವು ಕಚೇರಿಯ ರೂಢಿಯಲ್ಲಿ ಮೂರು ತಟ್ಟೆಗಳಿಗೆ ಹಂಚಿ ಬರೆದೆವು: ತುರ್ತು, ಕ್ರಮಕ್ಕಾಗಿ, ಕಡತಕ್ಕೆ. ತರುಣನ ಪಟ್ಟಿಯ ಹದಿನಾಲ್ಕೂ ದೋಷಗಳು ಈ ಮೂರರಲ್ಲಿ ಹಂಚಿಹೋದವು.

ತುರ್ತು ಎಂಬ ತಟ್ಟೆಗೆ ನಾಲ್ಕು ಬಿದ್ದವು. ಒಂದು, ಆ ಕೊಳವೆಯ ಅರ್ಥಿಂಗು. ಎರಡು, ನ್ಯೂಟ್ರಲ್ ವಾಯರಿನಲ್ಲಿ ಕೂತ ಫ್ಯೂಜು. ನಮ್ಮ ಹಳೆಯ ಮರದ ಬೋರ್ಡಿನಲ್ಲಿ ಒಂದೊಂದು ಸಾಲಿಗೂ ಎರಡೆರಡು ಪಿಂಗಾಣಿಯ ಕಿಟ್‌ಕ್ಯಾಟ್ ಇದ್ದವು. ಎರಡಿದ್ದರೆ ಹೆಚ್ಚು ಭದ್ರವೆಂದು ನಾವು ಹೆಮ್ಮೆಪಟ್ಟಿದ್ದೆವು. ನಿಜವು ತಿರುವುಮುರುವು. ನ್ಯೂಟ್ರಲಿನ ಫ್ಯೂಜು ಸುಟ್ಟರೆ ದೀಪ ಆರುತ್ತದೆ. ಕರೆಂಟು ಹೋಯಿತೆಂದು ನಾವು ಕೈ ಹಾಕುತ್ತೇವೆ. ಫೇಜ್ ವಾಯರು ಮಾತ್ರ ಜೀವಂತವಾಗಿಯೇ ಕಾದು ಕೂತಿರುತ್ತದೆ. ಸ್ವಾರಸ್ಯವೇನೆಂದರೆ, ಹೀಗೆ ನ್ಯೂಟ್ರಲಿನಲ್ಲಿ ಪ್ರತ್ಯೇಕವಾದ ಫ್ಯೂಜು ಇಡಬಾರದೆಂದು 1956ರ ನಿಯಮವೇ ಹೇಳಿತ್ತು. ಸರಕಾರ ಪಾಸು ಮಾಡಿದ್ದು ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಹಳೆಯ ಮನೆಯ ದೋಷವೆಲ್ಲ ಹಳೆಯ ಕಾಲದ ದೋಷವಲ್ಲ. ಕೆಲವು ಅಂದಿನಿಂದಲೂ ತಪ್ಪೇ.

ಮೂರು, ಫ್ಯೂಜಿನಲ್ಲಿ ಫ್ಯೂಜ್ ತಂತಿಯ ಬದಲು ಯಾರೋ ಸುತ್ತಿದ್ದ ದಪ್ಪ ತಾಮ್ರದ ಎಳೆ. ಅದು ಸುಡಬೇಕಾದಾಗ ಸುಡುವುದಿಲ್ಲ. ಅದರ ಬದಲು ಗೋಡೆಯ ಮೇಲಿನ ವಾಯರು ಸುಡುತ್ತದೆ. ನಾಲ್ಕು, ಅಡಿಗೆಮನೆಯ ಮೂಲ ವಾಯರು. ಅದು ತೇಗದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಕೂರಿಸಿದ ರಬ್ಬರು ಹೊದಿಕೆಯ ವಾಯರು. ಕಣ್ಣಿಗೆ ಗಟ್ಟಿಯಾಗಿಯೇ ಇತ್ತು. ಕಾಕಾ ಮೇನ್ ಸ್ವಿಚ್ಚನ್ನು ಆರಿಸಿ, ಫ್ಯಾನಿನ ಬಳಿಯ ಗುಂಡು ಮುಚ್ಚಳ ತಿರುಗಿಸಿ ವಾಯರನ್ನು ಮೆಲ್ಲಗೆ ಬಗ್ಗಿಸಿದರು. ಹೊದಿಕೆ ಹುರಿದ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು. (ಹಪ್ಪಳದ ಮಾತು ಬಂತಲ್ಲ, ವಾಚಕರ ಋಣ ಇಷ್ಟಾದರೂ ತೀರಿತು!) ಮೆಗ್ಗರು ಎಂಬ ಯಂತ್ರ 500 ವೋಲ್ಟು ಹಾಕಿ ಹೊದಿಕೆಯ ಬಲವನ್ನು ಅಳೆಯುತ್ತದೆ. ಒಂದು ಮೆಗಾ ಓಮಿಗಿಂತ ಕಡಿಮೆ ತೋರಿಸಬಾರದು. ಅಡಿಗೆಮನೆಯ ವಾಯರು ಅದರ ಕಾಲುಭಾಗವನ್ನೂ ಮುಟ್ಟಲಿಲ್ಲ.

ಕ್ರಮಕ್ಕಾಗಿ ಎಂಬ ಎರಡನೆಯ ತಟ್ಟೆಗೆ ಬಿದ್ದವು ಇಂದೇ ಕೊಲ್ಲುವಂಥವಲ್ಲ. ಆದರೆ ಒಂದು ಕೆಟ್ಟರೆ ಕೈಯನ್ನು ಕಾಯುವವರು ಯಾರೂ ಇಲ್ಲದಂಥವು. ಇಲ್ಲಿ ಮುಖ್ಯವಾದದ್ದು ಹೊರೆಯ ಮಾತು. 1958ರಲ್ಲಿ ಈ ಮನೆಗೆ ನಾಲ್ಕು 60 ವ್ಯಾಟಿನ ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಎಲ್ಲ ಕೂಡಿ ನಾನೂರು ವ್ಯಾಟಿನೊಳಗೆ. 230 ವೋಲ್ಟಿಗೆ ಲೆಕ್ಕ ಹಾಕಿದರೆ ಎರಡು ಆಂಪಿಯರೂ ಇಲ್ಲ. ಇಂದು ಗೀಸರು ಒಂದೇ 2000 ವ್ಯಾಟು, ಎಂದರೆ ಸುಮಾರು 8.7 ಆಂಪಿಯರು. ಇಸ್ತ್ರಿ ಪೆಟ್ಟಿಗೆ 1000, ಮಿಕ್ಸರು 500. ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು ಬೇರೆ. ವಾಯರಿನಲ್ಲಿ ಹರಿವು ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಹಳೆಯ ದೀಪದ ಸಾಲಿನ ವಾಯರು 1/18, ಅಂದರೆ ಹದಿನೆಂಟನೆಯ ಗೇಜಿನ ಒಂದೇ ಎಳೆ. ಇಂದಿನ ಅಳತೆಯಲ್ಲಿ 1.2 ಚದರ ಮಿಲಿಮೀಟರಿಗಿಂತ ತುಸು ಕಡಿಮೆ. ಈಗ ದೀಪಗಳಿಗೆ 1.5, ಪವರ್ ಪಾಯಿಂಟಿಗೆ 2.5, ಗೀಸರಿಗೂ ಏರ್ ಕಂಡೀಷನರಿಗೂ 4 ಚದರ ಮಿಲಿಮೀಟರು ಎಂಬುದು ರೂಢಿ. ಕಾಕಾ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಎತ್ತಿಗೆ ಎಷ್ಟು ವಯಸ್ಸು ಅಂತಷ್ಟ ನೋಡಿದ್ರ ಆಗಂಗಿಲ್ಲ. ಅದಕ್ಕ ಎಂಥಾ ಬಂಡಿ ಕಟ್ಟೀ ಅದನ್ನೂ ನೋಡಬೇಕು."

ಅದೇ ತಟ್ಟೆಯ ಇನ್ನೊಂದು ಸಂಗತಿ, ಆರ್‌ಸಿಸಿಬಿ ಎಂಬ ಪುಟ್ಟ ಕಾವಲುಗಾರ ಇಲ್ಲದ್ದು. ಎಂಸಿಬಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಹಲವರು ನಂಬಿದ್ದಾರೆ. ಎಂಸಿಬಿ ಕಾಯುವುದು ವಾಯರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಹದಿನಾರು ಆಂಪಿಯರಿನವರೆಗೆ ಸುಮ್ಮನಿರುತ್ತದೆ. ಮನುಷ್ಯನ ಜೀವ ಹೋಗಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಬೇಕಿಲ್ಲ. ಆರ್‌ಸಿಸಿಬಿಯು ಫೇಜಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲಿನಲ್ಲಿ ಮರಳಿದ್ದೆಷ್ಟು ಎಂದು ಸದಾ ತಾಳೆ ನೋಡುತ್ತಿರುತ್ತದೆ. ನಮ್ಮ ಕಚೇರಿಯ ಲೆಕ್ಕಪರಿಶೋಧಕರಂತೆ! ಮನೆಗಳಿಗೆ ವಿನಿಯಮ ಗೊತ್ತುಮಾಡಿದ ಮಿತಿ 30 ಮಿಲಿ ಆಂಪಿಯರು. ಅಷ್ಟು ವ್ಯತ್ಯಾಸ ಕಂಡರೆ, ಎಲ್ಲಿಯೋ ಸೋರಿತೆಂದು ತಿಳಿದು ಕಣ್ಣುಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. 60 ವ್ಯಾಟಿನ ಬಲ್ಬು ಎಳೆಯುವುದು ಸುಮಾರು 260 ಮಿಲಿ ಆಂಪಿಯರು. ಅದರ ಎಂಟು ಒಂಬತ್ತನೆಯ ಒಂದು ಪಾಲು ತಪ್ಪಿದರೂ ಇದು ಹಿಡಿಯುತ್ತದೆ. ಒಂದು ಕೈ ಫೇಜಿಗೂ ಇನ್ನೊಂದು ಕೈ ನ್ಯೂಟ್ರಲಿಗೂ ತಗುಲಿದರೆ ಮಾತ್ರ ಇದರಿಂದಲೂ ರಕ್ಷಣೆಯಿಲ್ಲ. ಆದಕಾರಣ ಇದಿದೆಯೆಂದು ಜಂಬದಿಂದ ಬೋರ್ಡು ಬಿಚ್ಚಬಾರದು.

ಕಡತಕ್ಕೆ ಎಂಬ ಮೂರನೆಯ ತಟ್ಟೆಗೆ ಬಿದ್ದದ್ದನ್ನು ಕೇಳಿ ನಮಗೆ ಆಶ್ಚರ್ಯವೇ ಆಯಿತು. ಕೋಣೆಯ ಗೋಡೆಯ ಮೇಲೆ ಕಾಣುವ ತೇಗದ ಪಟ್ಟಿ. ಅದರ ಮೇಲಿನ ವಾಯರನ್ನು ದೊಡ್ಡಪ್ಪನವರು ಮುಂದೆ ಪಿವಿಸಿಗೆ ಬದಲಿಸಿದ್ದರು, ಮೆಗ್ಗರಿನಲ್ಲಿ ಅದು ಸಲೀಸಾಗಿ ಪಾಸಾಯಿತು. ದುಂಡು ಮೂತಿಯ ಕಪ್ಪು ಬೇಕಲೈಟ್ ಸ್ವಿಚ್ಚುಗಳು. 6 ಮತ್ತು 16ರ ಬದಲು 5 ಮತ್ತು 15 ಆಂಪಿಯರು ಎಂದು ಬರೆದ ಸಾಕೆಟ್ಟುಗಳು. ಇವು ಇಂದಿನ ಮಾದರಿಯವಲ್ಲ, ಅಷ್ಟೇ. ಬಿರುಕಿಲ್ಲ, ಬಿಸಿಯಾಗುವುದಿಲ್ಲ, ಹಿಂದಿನ ತಿರುಪು ಬಿಗಿಯಾಗಿದೆ. "ಇವನ್ನ ಕೀಳಬ್ಯಾಡ್ರಿ. ಕೂಸು ಇರೋ ಮನಿ, ಕೆಳಗಿನ ಸಾಕೆಟ್ಟಿಗೆ ಮಾತ್ರ ಮುಚ್ಚಳ ಇರೋದು ಹಾಕಸ್ರಿ" ಎಂದರು ಕಾಕಾ. ಎರಡೇ ಕಡ್ಡಿಯ ಹಳೆಯ ಸಾಕೆಟ್ಟು ಮೊಬೈಲಿನ ಚಾರ್ಜರಿಗೆ ಸಾಕು. ಇಸ್ತ್ರಿ, ಮಿಕ್ಸರು, ಫ್ರಿಜ್ಜುಗಳ ಮೂರನೆಯ ಕಡ್ಡಿಯನ್ನು ಮುರಿದು ಅದಕ್ಕೆ ತುರುಕಬಾರದು. ಆ ದಪ್ಪ ಕಡ್ಡಿಯೇ ಪ್ರಾಣ ಕಾಯುವ ಕಡ್ಡಿ.

ಕೆಲಸವನ್ನು ಪರವಾನಿಗೆ ಪಡೆದ ಕಂತ್ರಾಟುದಾರರಿಂದಲೇ ಮಾಡಿಸಿದೆವು. ನಿಯಮ ಬಯಸುವುದೂ ಅದನ್ನೇ. ಗೀಸರಿನ ಸುರುಳಿ ಬದಲಾಯಿತು. ಅದಕ್ಕೆ ಪ್ರತ್ಯೇಕ ವಾಯರು ಬಂತು. ಅರ್ಥಿಂಗಿನ ತಂತಿ ಮೀಟರು ಕೋಣೆಯವರೆಗೆ ಇಳಿಯಿತು. ಬಳಕೆದಾರರ ಉಪಯೋಗಕ್ಕಾಗಿ ಅರ್ಥಿಂಗಿನ ತುದಿಯೊಂದನ್ನು ಒದಗಿಸಿ ಕಾಪಾಡುವುದು ವಿದ್ಯುತ್ ಪೂರೈಸುವವರ ಹೊಣೆಯೆಂದು ಹಳೆಯ ನಿಯಮಗಳಿಂದಲೂ ಇದೆ. ಕೇಳುವವರಿಲ್ಲದೆ ಅದು ನಮ್ಮ ಮೀಟರು ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಆರ್‌ಸಿಸಿಬಿಯನ್ನು ಕೂರಿಸಿ ಹಚ್ಚಿದೊಡನೆ ಟಪ್ಪೆಂದು ಬಿತ್ತು. ಇದು ಕೆಟ್ಟಿದೆ, ತೆಗೆದುಬಿಡೋಣ ಎಂದ ಹುಡುಗ. ಕಾಕಾ ಬಿಡಲಿಲ್ಲ. ಹುಡುಕಿದಾಗ, ನಮ್ಮ ಬಾಲ್ಕನಿಯ ದೀಪ ತನ್ನ ನ್ಯೂಟ್ರಲನ್ನು ಮೆಟ್ಟಿಲಿನ ದೀಪದ ಸಾಲಿನಿಂದ ಕಡ ತಂದದ್ದು ಸಿಕ್ಕಿತು. ಅದನ್ನು ಸರಿಪಡಿಸಿದೊಡನೆ ನಿಂತಿತು. ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಒಡೆಯುವವರು ಬಹಳ. ವಾಚಕರು ಹಾಗೆ ಮಾಡಬಾರದು.

ಒಟ್ಟು ಖರ್ಚು ಮೊದಲ ಅಂದಾಜಿನ ನಾಲ್ಕನೆಯ ಒಂದು ಪಾಲಿನೊಳಗೆ ಮುಗಿಯಿತು. ಪಗಡಿಯ ಮನೆ, ಮಾಲಿಕರು ಬಾಡಿಗೆ ಅಲ್ಪವೆಂದು ಕೈಯೆತ್ತಿದರು. ಪರರ ಗೋಡೆಗೆ ನಮ್ಮ ಹಣವೇಕೆಂದು ನಮಗೂ ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಗೋಡೆ ಯಾರದಾದರೂ ನಲ್ಲಿ ಮುಟ್ಟುವ ಕೈ ನಮ್ಮದಲ್ಲವೆ? ಆ ಭಾನುವಾರ ಕಾಕಾರನ್ನು ಕರೆದುಕೊಂಡು ಉಳಿದ ಬಿಡಾರಗಳಿಗೂ ಹೋದೆವು. ಹನ್ನೊಂದು ಮನೆಗಳಲ್ಲಿ ಐದರಲ್ಲಿ ಹಸಿರು ವಾಯರು ಕೊಳವೆಗೇ ಸುತ್ತಿಕೊಂಡಿತ್ತು. ಎರಡನೆಯ ಮಹಡಿಯಲ್ಲಿ ಒಬ್ಬ ಬಾಣಂತಿ ಇದ್ದಳು. ಸಂಜೆಯೊಳಗೆ ಆ ಐದೂ ಗೀಸರುಗಳು ಆರಿದವು. ಹದಿನೈದು ದಿನಗಳಲ್ಲಿ ಎಲ್ಲರೂ ಕೂಡಿ ಕಟ್ಟಡಕ್ಕೆಲ್ಲ ಒಂದೇ ಅರ್ಥಿಂಗಿನ ತಂತಿ ಇಳಿಸಿದೆವು.

ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಬಾಡಿಗೆಯ ಮನೆಯವರು. ಪುಣೆಯ ವಾಡೆಯಾಗಲಿ, ದಿಲ್ಲಿಯ ಬರಸಾತಿಯಾಗಲಿ, ಮದರಾಸು ಹೈದರಾಬಾದುಗಳ ಹಳೆಯ ಬೀದಿಯ ಮನೆಯಾಗಲಿ, ಮುಂಗಡ ಕೊಡುವ ಮುನ್ನ ನಲ್ಲಿಯಲ್ಲಿ ನೀರು ಬರುವುದೋ ಎಂದು ನೋಡುವಂತೆ ಇವನ್ನೂ ನೋಡಿರಿ. ಮೀಟರಿನ ಬಳಿ ಅರ್ಥಿಂಗಿನ ತಂತಿ ಇದೆಯೆ? ಬೋರ್ಡಿನಲ್ಲಿ ಪರೀಕ್ಷೆಯ ಗುಂಡಿಯುಳ್ಳ ಆರ್‌ಸಿಸಿಬಿ ಇದೆಯೆ? ಇದ್ದರೆ ಗುಂಡಿ ಒತ್ತಿದಾಗ ಬೀಳುತ್ತದೆಯೆ? ಬೀಳದಿದ್ದರೆ ಅದು ಇದ್ದೂ ಇಲ್ಲ. ತಿಂಗಳಿಗೊಮ್ಮೆ, ಸಂಬಳದ ದಿನ, ಒತ್ತಿ ನೋಡುವುದು ಒಳ್ಳೆಯದು. ಯಾವುದಾದರೂ ಸ್ವಿಚ್ಚು, ಪ್ಲಗ್ಗು ಬಿಸಿಯಾಗುತ್ತದೆಯೆ, ಕಪ್ಪಾಗಿದೆಯೆ, ಸುಟ್ಟ ವಾಸನೆ ಇದೆಯೆ? ಗೀಸರಿನ ಹಸಿರು ವಾಯರು ಎಲ್ಲಿಗೆ ಹೋಗಿದೆ? ಇಷ್ಟು ನೋಡಲು ಕಣ್ಣು, ಮೂಗು ಸಾಕು. ಮುಚ್ಚಳ ಬಿಚ್ಚುವುದು, ತಂತಿ ಬಗ್ಗಿಸುವುದು, ಮೀಟರು ಹಿಡಿಯುವುದು ಬಲ್ಲವರಿಗೆ ಬಿಟ್ಟದ್ದು. ಟೆಸ್ಟರಿನ ದೀಪ ಹತ್ತದಿದ್ದರೆ ಅಪಾಯವಿಲ್ಲವೆಂದು ಎಂದೂ ನಂಬಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಲ್ಲಿ ಯಾರಾದರೂ ಜುಮ್ಮೆಂದಿತು ಎಂದರೆ ಅದನ್ನು ನಗೆಯಾಡಬೇಡಿರಿ. ಅದು ದೂರಿನ ಮೊದಲ ಅರ್ಜಿ. ಎರಡನೆಯದು ಬರುವುದೆಂಬ ಭರವಸೆ ಇಲ್ಲ.

ಇನ್ನೊಂದು ಮಾತು. ನಾವು ಇಲ್ಲಿದ್ದರೂ ನಮ್ಮ ಹಿರಿಯರು ಊರಿನ ಮನೆಗಳಲ್ಲಿದ್ದಾರೆ. ನಮ್ಮ ನಾಡಿಗೆ ವಿದ್ಯುತ್ತು ಹೊಸತಲ್ಲ; ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತ್ತು. ಆದಕಾರಣ ಹಳೆಯ ವಾಯರುಗಳೂ ನಮ್ಮಲ್ಲಿ ಕಡಿಮೆಯಲ್ಲ. ರಜೆಗೆ ಹೋದಾಗ ಮಾವಿನಕಾಯಿ ಕಟ್ಟಿಕೊಂಡು ಬರುವುದರ ಜೊತೆಗೆ ಒಮ್ಮೆ ಬೋರ್ಡನ್ನೂ ನೋಡಿ ಬನ್ನಿರಿ.

ನಮ್ಮ ತಾಯಿಯವರು ಈಗ ಗೀಸರಿನ ನೀರನ್ನೇ ಸ್ನಾನಕ್ಕೆ ಬಳಸುತ್ತಾರೆ. ಮೈಗೆ ಹಿಡಿಸುತ್ತದಂತೆ. ಮೊದಲ ದಿನ ಮಾತ್ರ ಬಾಗಿಲ ಬಳಿ ನಿಂತು, "ನೀ ಮೊದಲ ಮುಟ್ಟು ನೋಡೋಣ" ಎಂದರು. ಬರಿಗಾಲಿನಲ್ಲಿ ನಿಂತು ಮುಟ್ಟಿ ತೋರಿಸಿದೆವು. ಊರಿಗೆ ಹೊರಡುವ ಮುನ್ನಾದಿನ ಟ್ರಂಕಿಗೆ ಬೀಗ ಹಾಕುತ್ತ ಅವರು ಮೆಲ್ಲಗೆ ಹೇಳಿದರು: "ಧಾರವಾಡದ ಮನ್ಯಾಗ ಹಿತ್ತಲಾಗಿನ ನೀರೆತ್ತೋ ಮೋಟರು, ಅದೂ ಒಂದೊಂದ ಸಲ ಹಂಗೇ ಅಂತದ. ಖರ್ಚಾದೀತು ಅಂತ ಹೇಳಿರಲಿಲ್ಲ."

ನಮ್ಮ ರಜೆಯ ಅರ್ಜಿ ಮೇಜಿನ ಮೇಲಿದೆ. ಕಾಕಾ ಕೂಡ ಬರುತ್ತೇನೆಂದಿದ್ದಾರೆ. ಹಪ್ಪಳದ ವಿಚಾರ ಮುಂದಿನ ಸಂಚಿಕೆಗೆ.